ಚಿಕಿತ್ಸೆಯಿಂದ ಪಿಟ್ಯುಟರಿ ಗ್ರಂಥಿ ಸೊರಗಿದಾಗ
ರೋಗಿಗಳು ಮತ್ತು ಅವರ ಜೊತೆಗಿರುವವರು ತಿಳಿದಿರಬೇಕಾದ ಸಂಗತಿಗಳು

ಒಂದು ಕಾಯಿಲೆ ವಾಸಿಯಾಗಲೆಂದು ಪಡೆದ ಚಿಕಿತ್ಸೆ ದೇಹದ ಇನ್ನೊಂದು ಭಾಗದ ಮೇಲೆ ಪರಿಣಾಮ ಬೀರುವುದುಂಟು. ಹೀಗೆ ಪರಿಣಾಮಕ್ಕೆ ಒಳಗಾಗುವ ಅಂಗಗಳಲ್ಲಿ ಪಿಟ್ಯುಟರಿ ಗ್ರಂಥಿಯೂ ಒಂದು. ಬಹಳ ದಿನ ಸ್ಟೀರಾಯ್ಡ್ ಮಾತ್ರೆ ನುಂಗಿದವರು, ತಲೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರು, ಈ ಗ್ರಂಥಿಯ ಗೆಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತು ಕ್ಯಾನ್ಸರಿಗೆ ಕೆಲವು ಹೊಸ ಔಷಧಿಗಳನ್ನು ಪಡೆಯುತ್ತಿರುವವರು ಇದರ ಬಗ್ಗೆ ಅವಶ್ಯವಾಗಿ ತಿಳಿದಿರಬೇಕು. ಈ ತೊಂದರೆಯನ್ನು ಗುರುತಿಸಿದರೆ ಸಾಮಾನ್ಯ ಮಾತ್ರೆಗಳಿಂದಲೇ ನಿಭಾಯಿಸಬಹುದು. ಗುರುತಿಸದೆ ಹೋದರೆ ಒಂದು ಸಾಧಾರಣ ವಾಂತಿಭೇದಿಯೂ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ದಯವಿಟ್ಟು ಇದನ್ನು ನಿಧಾನವಾಗಿ ಓದಿ, ಮನೆಯವರಿಗೂ ಓದಿ ಹೇಳಿ.

ಪಿಟ್ಯುಟರಿ ಗ್ರಂಥಿ ಎಂದರೇನು?

ಮಿದುಳಿನ ಬುಡದಲ್ಲಿ, ಮೂಗಿನ ಹಿಂಭಾಗದ ಮೂಳೆಯ ಒಂದು ಸಣ್ಣ ಗುಳಿಯಲ್ಲಿ ಈ ಗ್ರಂಥಿ ಕುಳಿತಿದೆ. ಇದರ ಗಾತ್ರ ಒಂದು ಬಟಾಣಿ ಕಾಳಿನಷ್ಟು. ತೂಕ ಸುಮಾರು ಅರ್ಧ ಗ್ರಾಂ. ಆದರೆ ದೇಹದ ಇತರ ಅನೇಕ ಗ್ರಂಥಿಗಳು ಇದರ ಅಪ್ಪಣೆಯಂತೆ ಕೆಲಸ ಮಾಡುತ್ತವೆ. ಇದು ರಕ್ತಕ್ಕೆ ಬಿಡುವ ಹಾರ್ಮೋನುಗಳು ಹೀಗಿವೆ:

1. ಎಸಿಟಿಎಚ್: ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸಲು ಹೇಳುತ್ತದೆ.
2. ಟಿಎಸ್ಎಚ್: ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ನಡೆಸುತ್ತದೆ.
3. ಎಲ್ಎಚ್ ಮತ್ತು ಎಫ್ಎಸ್ಎಚ್: ಹೆಂಗಸರಲ್ಲಿ ಅಂಡಾಶಯವನ್ನೂ ಗಂಡಸರಲ್ಲಿ ವೃಷಣವನ್ನೂ ನಡೆಸುತ್ತವೆ.
4. ಬೆಳವಣಿಗೆಯ ಹಾರ್ಮೋನು: ಮಕ್ಕಳ ಎತ್ತರಕ್ಕೆ, ದೊಡ್ಡವರ ಮಾಂಸಖಂಡ ಮತ್ತು ಮೂಳೆಗಳ ಶಕ್ತಿಗೆ ಬೇಕು.
5. ಪ್ರೊಲ್ಯಾಕ್ಟಿನ್: ಬಾಣಂತಿಯರಲ್ಲಿ ಎದೆಹಾಲು ಬರಲು ಕಾರಣ.
6. ಗ್ರಂಥಿಯ ಹಿಂಭಾಗದಿಂದ ಬರುವ ವಾಸೊಪ್ರೆಸಿನ್: ಮೂತ್ರ ಅತಿಯಾಗಿ ಹೋಗದಂತೆ ತಡೆಯುತ್ತದೆ.

ಇವುಗಳಲ್ಲಿ ಪ್ರಾಣಕ್ಕೆ ತಕ್ಷಣ ಸಂಬಂಧಪಟ್ಟದ್ದು ಕಾರ್ಟಿಸಾಲ್. ರಕ್ತದೊತ್ತಡ ಇಳಿಯದಂತೆ, ರಕ್ತದಲ್ಲಿ ಸಕ್ಕರೆ ಕಡಿಮೆಯಾಗದಂತೆ ಅದು ನೋಡಿಕೊಳ್ಳುತ್ತದೆ. ಬೆಳಿಗ್ಗೆ ಏಳುವ ಹೊತ್ತಿಗೆ ಅದರ ಪ್ರಮಾಣ ಹೆಚ್ಚು, ಮಧ್ಯರಾತ್ರಿ ಕಡಿಮೆ. ಜ್ವರ, ಗಾಯ, ಶಸ್ತ್ರಚಿಕಿತ್ಸೆಯಂತಹ ಸಮಯದಲ್ಲಿ ಆರೋಗ್ಯವಂತರ ದೇಹ ತಾನಾಗಿಯೇ ಕಾರ್ಟಿಸಾಲನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಪಿಟ್ಯುಟರಿ ಸೊರಗಿದವರಲ್ಲಿ ಹಾಗೆ ಆಗುವುದಿಲ್ಲ.

ಯಾವ ಚಿಕಿತ್ಸೆಗಳಿಂದ ಈ ತೊಂದರೆ ಬರಬಹುದು?

(ಅ) ದೀರ್ಘಕಾಲದ ಸ್ಟೀರಾಯ್ಡ್

ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ಕಾರಣ ಇದೇ. ಉಬ್ಬಸ, ಸಂಧಿವಾತ, ಚರ್ಮರೋಗ, ಮೂತ್ರಪಿಂಡದ ಕೆಲವು ಕಾಯಿಲೆಗಳಿಗೆ ವೈದ್ಯರು ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡೆಫ್ಲಜಾಕಾರ್ಟ್ ಮುಂತಾದ ಔಷಧಿ ಕೊಡುತ್ತಾರೆ. ಇವೆಲ್ಲ ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಔಷಧಿಗಳು. ಹೊರಗಿನಿಂದ ಸಾಕಷ್ಟು ಬರುತ್ತಿರುವಾಗ ಪಿಟ್ಯುಟರಿ ಎಸಿಟಿಎಚ್ ಕಳುಹಿಸುವುದನ್ನು ನಿಲ್ಲಿಸುತ್ತದೆ. ಕೆಲಸವಿಲ್ಲದ ಅಡ್ರಿನಲ್ ಗ್ರಂಥಿ ಕ್ರಮೇಣ ಸೊರಗುತ್ತದೆ. ಸಾಮಾನ್ಯವಾಗಿ 3–4 ವಾರಕ್ಕಿಂತ ಹೆಚ್ಚು ಕಾಲ, ದೇಹದ ದಿನನಿತ್ಯದ ಅಗತ್ಯಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ (ಪ್ರೆಡ್ನಿಸೋಲೋನ್ ಆದರೆ ಸುಮಾರು 4–6 ಮಿ.ಗ್ರಾಂಗಿಂತ ಹೆಚ್ಚು) ತೆಗೆದುಕೊಂಡವರಲ್ಲಿ ಹೀಗಾಗಿರಬಹುದೆಂದು ತಿಳಿಯಬೇಕು. ಆಗ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ದೇಹಕ್ಕೆ ಹೊರಗಿನ ಕಾರ್ಟಿಸಾಲೂ ಇಲ್ಲ, ಒಳಗಿನದೂ ಇಲ್ಲ.

ಮಾತ್ರೆಗಳಷ್ಟೇ ಅಲ್ಲ. ಕೀಲಿನೊಳಗೆ ಪದೇ ಪದೇ ಹಾಕಿಸಿಕೊಳ್ಳುವ ಸ್ಟೀರಾಯ್ಡ್ ಚುಚ್ಚುಮದ್ದು, ಹೆಚ್ಚಿನ ಪ್ರಮಾಣದ ಇನ್ಹೇಲರ್, ಮೈತುಂಬ ತಿಂಗಳುಗಟ್ಟಲೆ ಹಚ್ಚುವ ಪ್ರಬಲ ಸ್ಟೀರಾಯ್ಡ್ ಮುಲಾಮು ಇವುಗಳಿಂದಲೂ ಹೀಗಾಗಬಹುದು. ಮಂಡಿನೋವಿಗೆ, ಉಬ್ಬಸಕ್ಕೆ ಎಂದು ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿ ಮತ್ತು ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ತೆಗೆದುಕೊಂಡ ಮರುದಿನವೇ ನೋವೆಲ್ಲ ಮಾಯವಾಗಿ, ಹಸಿವು ಹೆಚ್ಚಿ, ಕೆಲವು ವಾರಗಳಲ್ಲಿ ಮುಖ ದುಂಡಗಾದರೆ ಅನುಮಾನಪಡಿ. ಆ ಪೊಟ್ಟಣವನ್ನು ಎಸೆಯದೆ ವೈದ್ಯರ ಬಳಿಗೆ ತನ್ನಿ.

ಈ ಅಪಾಯ ವೈದ್ಯಲೋಕಕ್ಕೆ ಹೊಸದಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 1948ರಲ್ಲಿ ಮೊದಲ ಬಾರಿಗೆ ಸಂಧಿವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟರು. ಈ ಸಂಶೋಧನೆಗಾಗಿ ಫಿಲಿಪ್ ಹೆಂಚ್, ಎಡ್ವರ್ಡ್ ಕೆಂಡಲ್ ಮತ್ತು ಟಾಡೇಯುಸ್ ರೈಖ್‌ಸ್ಟೈನ್ ಅವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಎರಡೇ ವರ್ಷಗಳ ನಂತರ, 1952ರಲ್ಲಿ, ಕಾರ್ಟಿಸೋನ್ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರು ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಕುಸಿದು ತೀರಿಕೊಂಡ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಅಡ್ರಿನಲ್ ಗ್ರಂಥಿಗಳು ಸೊರಗಿಹೋಗಿದ್ದವು.

(ಆ) ವಿಕಿರಣ ಚಿಕಿತ್ಸೆ

ಜನ ‘ಕರೆಂಟ್ ಕೊಡುವುದು’ ಎಂದು ಕರೆಯುವ ಚಿಕಿತ್ಸೆ ಇದು. ಮಿದುಳು, ಮೂಗಿನ ಹಿಂಭಾಗ ಅಥವಾ ಪಿಟ್ಯುಟರಿ ಗೆಡ್ಡೆಗೆ ವಿಕಿರಣ ಕೊಟ್ಟಾಗ ಗ್ರಂಥಿಗೂ ಅದರ ಮೇಲಿರುವ ಹೈಪೋಥಲಾಮಸ್ ಎಂಬ ಮಿದುಳಿನ ಭಾಗಕ್ಕೂ ಪೆಟ್ಟು ಬೀಳುತ್ತದೆ. ಇದರ ಪರಿಣಾಮ ತಕ್ಷಣ ಕಾಣುವುದಿಲ್ಲ. ಒಂದೆರಡು ವರ್ಷ, ಕೆಲವರಲ್ಲಿ ಹತ್ತು ವರ್ಷಗಳ ನಂತರವೂ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಬೆಳವಣಿಗೆಯ ಹಾರ್ಮೋನು ಮೊದಲು ಕಡಿಮೆಯಾಗುತ್ತದೆ. ಆದ್ದರಿಂದ ತಲೆಗೆ ವಿಕಿರಣ ಪಡೆದ ಮಗುವಿನ ಎತ್ತರವನ್ನು ಆಗಾಗ ಅಳತೆ ಮಾಡಿಸಬೇಕು. ದೊಡ್ಡವರು ವರ್ಷಕ್ಕೊಮ್ಮೆ ಹಾರ್ಮೋನು ಪರೀಕ್ಷೆ ಮಾಡಿಸುವುದನ್ನು ನಿಲ್ಲಿಸಬಾರದು. ‘ಕ್ಯಾನ್ಸರ್ ವಾಸಿಯಾಗಿ ಎಂಟು ವರ್ಷವಾಯಿತು, ಇನ್ನೇಕೆ ಪರೀಕ್ಷೆ?’ ಎಂದು ಕೇಳಬೇಡಿ.

(ಇ) ಪಿಟ್ಯುಟರಿ ಶಸ್ತ್ರಚಿಕಿತ್ಸೆ

ಈಗ ಹೆಚ್ಚಾಗಿ ಮೂಗಿನ ಮೂಲಕವೇ ಗೆಡ್ಡೆಯನ್ನು ತೆಗೆಯುತ್ತಾರೆ. ಮೊದಲ ಕೆಲವು ದಿನಗಳಲ್ಲಿ ವಾಸೊಪ್ರೆಸಿನ್ ಕೊರತೆಯಿಂದ ಮೂತ್ರ ನೀರಿನಂತೆ ಅತಿಯಾಗಿ ಹೋಗಿ, ತಾಳಲಾರದ ಬಾಯಾರಿಕೆ ಆಗಬಹುದು. ಅನೇಕರಲ್ಲಿ ಇದು ತಾನಾಗಿ ಸರಿಹೋಗುತ್ತದೆ. ಹಿಂದೆ ಇದನ್ನು ಡಯಾಬಿಟಿಸ್ ಇನ್ಸಿಪಿಡಸ್ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯೆಂದು ತಪ್ಪು ತಿಳಿಯುವವರು ಹೆಚ್ಚಾದ್ದರಿಂದ 2022ರಲ್ಲಿ ತಜ್ಞರು ಇದಕ್ಕೆ ‘ವಾಸೊಪ್ರೆಸಿನ್ ಕೊರತೆ’ ಎಂಬ ಅರ್ಥದ ಹೆಸರು ಸೂಚಿಸಿದ್ದಾರೆ. ಇದಕ್ಕೂ ಸಕ್ಕರೆ ಕಾಯಿಲೆಗೂ ಸಂಬಂಧವಿಲ್ಲ. ಇನ್ನು ಕೆಲವರಲ್ಲಿ, ಮನೆಗೆ ಹೋದ ಮೇಲೆ, ಸುಮಾರು ಒಂದು ವಾರದ ಹೊತ್ತಿಗೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ, ಮಂಪರು ಕಂಡರೆ ಕಾಯದೆ ಆಸ್ಪತ್ರೆಗೆ ಬನ್ನಿ.

(ಈ) ಕ್ಯಾನ್ಸರಿನ ಇಮ್ಯುನೋಥೆರಪಿ

ಕ್ಯಾನ್ಸರಿನ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನೇ ಬಡಿದೆಬ್ಬಿಸುವ ಔಷಧಿಗಳು ಬಂದಿವೆ. ಈ ಮಾರ್ಗವನ್ನು ಕಂಡುಹಿಡಿದ ಜೇಮ್ಸ್ ಅಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇಪಿಲಿಮುಮಾಬ್, ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಈ ಗುಂಪಿನ ಔಷಧಿಗಳು. ಎದ್ದ ರೋಗನಿರೋಧಕ ಶಕ್ತಿ ಕೆಲವೊಮ್ಮೆ ಪಿಟ್ಯುಟರಿಯ ಮೇಲೆಯೇ ತಿರುಗಿ ಉರಿಯೂತ ಉಂಟುಮಾಡುತ್ತದೆ. ಇಪಿಲಿಮುಮಾಬ್ ಪಡೆದವರಲ್ಲಿ ಇದು ಹೆಚ್ಚು, ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಲೆನೋವು ಮತ್ತು ವಿಪರೀತ ಸುಸ್ತಿನಿಂದ ಆರಂಭವಾಗುತ್ತದೆ. ಇತರ ಎರಡು ಔಷಧಿಗಳಲ್ಲಿ ಅಪರೂಪ. ಆದರೆ ತಲೆನೋವಿಲ್ಲದೆ, ತಿಂಗಳುಗಳ ನಂತರ, ಎಸಿಟಿಎಚ್ ಒಂದೇ ನಿಂತುಹೋಗಬಹುದು. ಹೀಗೆ ನಿಂತ ಎಸಿಟಿಎಚ್ ಮತ್ತೆ ಬರುವುದು ವಿರಳ. ಕ್ಯಾನ್ಸರ್ ರೋಗಿಗೆ ಸುಸ್ತು ಸಹಜ ಎಂದು ಸುಮ್ಮನಿರಬೇಡಿ, ವೈದ್ಯರಿಗೆ ತಿಳಿಸಿ.

(ಉ) ಇತರ ಔಷಧಿಗಳು

ವಾಂತಿ ಮತ್ತು ಹೊಟ್ಟೆಯುಬ್ಬರಕ್ಕೆ ಕೊಡುವ ಡೊಂಪೆರಿಡೋನ್, ಮೆಟೊಕ್ಲೋಪ್ರಮೈಡ್, ಲೆವೊಸಲ್ಪಿರೈಡ್ ಹಾಗೂ ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಮುಂತಾದವು ಪ್ರೊಲ್ಯಾಕ್ಟಿನನ್ನು ಹೆಚ್ಚಿಸುತ್ತವೆ. ಮುಟ್ಟು ನಿಲ್ಲುವುದು, ಬಾಣಂತಿಯಲ್ಲದವರ ಎದೆಯಲ್ಲಿ ಹಾಲು ಬರುವುದು, ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು ಇದರ ಲಕ್ಷಣ. ತೀವ್ರ ನೋವಿಗೆ ದೀರ್ಘಕಾಲ ಕೊಡುವ ಮಾರ್ಫಿನ್‌ನಂತಹ ಔಷಧಿಗಳು ಲೈಂಗಿಕ ಹಾರ್ಮೋನುಗಳನ್ನು ತಗ್ಗಿಸುತ್ತವೆ. ಇಂತಹ ವಿಷಯಗಳನ್ನು ವೈದ್ಯರಿಗೆ ಹೇಳಲು ಸಂಕೋಚಪಡಬೇಕಾಗಿಲ್ಲ. ಆದರೆ ಮಾನಸಿಕ ಕಾಯಿಲೆಯ ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಲೇಬಾರದು. ವೈದ್ಯರು ಬೇರೆ ಮಾತ್ರೆಗೆ ಬದಲಾಯಿಸಬಲ್ಲರು.

ಲಕ್ಷಣಗಳು ಯಾವುವು?

ಕಾರ್ಟಿಸಾಲ್ ಕಡಿಮೆಯಾದರೆ: ವಿಶ್ರಾಂತಿ ಪಡೆದರೂ ಹೋಗದ ಸುಸ್ತು, ಹಸಿವಿಲ್ಲದಿರುವುದು, ವಾಕರಿಕೆ, ತೂಕ ಇಳಿಯುವುದು, ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ಮೈಕೈ ನೋವು.
ಥೈರಾಯ್ಡ್ ಕಡಿಮೆಯಾದರೆ: ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಮಂದತನ.
ಲೈಂಗಿಕ ಹಾರ್ಮೋನು ಕಡಿಮೆಯಾದರೆ: ಮುಟ್ಟು ತಪ್ಪುವುದು, ಮಕ್ಕಳಾಗದಿರುವುದು, ಗಡ್ಡಮೀಸೆ ವಿರಳವಾಗುವುದು, ಮೂಳೆ ಸವೆತ.
ವಾಸೊಪ್ರೆಸಿನ್ ಕಡಿಮೆಯಾದರೆ: ರಾತ್ರಿಯಿಡೀ ಮೂತ್ರಕ್ಕೆ ಏಳುವುದು, ತೀರದ ಬಾಯಾರಿಕೆ.

ಇವು ನಿಧಾನವಾಗಿ ಬರುವುದರಿಂದ ‘ವಯಸ್ಸಾಯಿತು’, ‘ರಕ್ತ ಕಡಿಮೆ’, ‘ನಿಶ್ಶಕ್ತಿ’ ಎಂದು ಟಾನಿಕ್ ಕುಡಿಸುತ್ತಾ ಕಾಲ ಕಳೆಯುವವರಿದ್ದಾರೆ. ಇನ್ನೊಂದು ಮಾತನ್ನು ಗಮನದಲ್ಲಿಡಿ. ಸ್ಟೀರಾಯ್ಡ್ ಹೆಚ್ಚು ತೆಗೆದುಕೊಂಡವರ ಮುಖ ದುಂಡಗೆ, ಮೈ ದಪ್ಪಗೆ ಕಾಣಬಹುದು. ನೋಡಿದವರು ‘ಚೆನ್ನಾಗಿದ್ದಾರೆ’ ಎನ್ನುತ್ತಾರೆ. ಆದರೆ ಅವರ ಸ್ವಂತ ಗ್ರಂಥಿ ಕೆಲಸ ನಿಲ್ಲಿಸಿರುತ್ತದೆ.

ಹೇಗೆ ಪತ್ತೆಹಚ್ಚುತ್ತಾರೆ?

ಮೊದಲ ಪರೀಕ್ಷೆ ನೀವು ಹೇಳುವ ಮಾತು. ಯಾವ ಚಿಕಿತ್ಸೆ, ಯಾವ ವರ್ಷ, ಎಷ್ಟು ದಿನ ಎಂಬುದನ್ನು ಮುಚ್ಚಿಡದೆ ಹೇಳಿ. ನಾಟಿ ಔಷಧಿ, ಅಂಗಡಿಯಿಂದ ನೇರವಾಗಿ ಕೊಂಡ ಮಾತ್ರೆ, ಮುಲಾಮು ಎಲ್ಲವನ್ನೂ ಹೇಳಿ. ಹಳೆಯ ಚೀಟಿಗಳನ್ನು, ಖಾಲಿ ಮಾತ್ರೆ ಪಟ್ಟಿಗಳನ್ನು ತನ್ನಿ. ಯಾರೂ ನಿಮ್ಮನ್ನು ಬೈಯುವುದಿಲ್ಲ.

ನಂತರ ಬೆಳಿಗ್ಗೆ ಸುಮಾರು 8 ಗಂಟೆಗೆ ರಕ್ತ ತೆಗೆದು ಕಾರ್ಟಿಸಾಲ್ ನೋಡುತ್ತಾರೆ. ಮಧ್ಯಾಹ್ನ ತೆಗೆದ ರಕ್ತದಿಂದ ಸರಿಯಾದ ಉತ್ತರ ಸಿಗುವುದಿಲ್ಲ, ಆದ್ದರಿಂದ ಹೇಳಿದ ಹೊತ್ತಿಗೆ ಬನ್ನಿ. ಪರೀಕ್ಷೆಗೆ ಮುಂಚೆ ಮಾತ್ರೆಯನ್ನು ಎಷ್ಟು ಹೊತ್ತು ಬಿಡಬೇಕೆಂಬುದನ್ನು ವೈದ್ಯರೇ ಹೇಳುತ್ತಾರೆ. ಸಂದೇಹವಿದ್ದರೆ ಎಸಿಟಿಎಚ್ ಚುಚ್ಚುಮದ್ದು ಕೊಟ್ಟು, ಸ್ವಲ್ಪ ಹೊತ್ತಿನ ನಂತರ ಮತ್ತೆ ಕಾರ್ಟಿಸಾಲ್ ಅಳೆಯುತ್ತಾರೆ. ಜೊತೆಗೆ ಸೋಡಿಯಂ, ಲೈಂಗಿಕ ಹಾರ್ಮೋನು, ಪ್ರೊಲ್ಯಾಕ್ಟಿನ್ ನೋಡುತ್ತಾರೆ. ಅಗತ್ಯವಿದ್ದರೆ ಎಂ.ಆರ್.ಐ. ಮಾಡಿಸುತ್ತಾರೆ.

ಥೈರಾಯ್ಡ್ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯರಿಗೆ ಟಿಎಸ್ಎಚ್ ಒಂದನ್ನೇ ಮಾಡಿಸಿದರೆ ಹೆಚ್ಚಿನ ವೇಳೆ ಸಾಕು. ಆದರೆ ಟಿಎಸ್ಎಚ್ ತಯಾರಾಗುವುದೇ ಪಿಟ್ಯುಟರಿಯಲ್ಲಿ. ಗ್ರಂಥಿಯೇ ಸೊರಗಿದಾಗ ಥೈರಾಯ್ಡ್ ಕಡಿಮೆಯಿದ್ದರೂ ಟಿಎಸ್ಎಚ್ ‘ನಾರ್ಮಲ್’ ಎಂದು ಬರಬಹುದು. ಇಂತಹವರು ಫ್ರೀ ಟಿ4 ಪರೀಕ್ಷೆಯನ್ನೂ ಮಾಡಿಸಬೇಕು.

ಚಿಕಿತ್ಸೆ ಏನು?

ಯಾವ ಹಾರ್ಮೋನು ಕಡಿಮೆಯಿದೆಯೋ ಅದನ್ನು ಹೊರಗಿನಿಂದ ಕೊಡುವುದೇ ಚಿಕಿತ್ಸೆ.

1. ಕಾರ್ಟಿಸಾಲ್ ಬದಲಿಗೆ ಹೈಡ್ರೊಕಾರ್ಟಿಸೋನ್ ಮಾತ್ರೆ. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 15–20 ಮಿ.ಗ್ರಾಂ, ಎರಡು ಅಥವಾ ಮೂರು ಪಾಲು ಮಾಡಿ. ದೊಡ್ಡ ಪಾಲು ಬೆಳಿಗ್ಗೆ ಎದ್ದ ಕೂಡಲೇ. ಕೆಲವರಿಗೆ ಬದಲಾಗಿ 3–5 ಮಿ.ಗ್ರಾಂ ಪ್ರೆಡ್ನಿಸೋಲೋನ್ ಕೊಡುತ್ತಾರೆ.
2. ಥೈರಾಯ್ಡಿಗೆ ಥೈರಾಕ್ಸಿನ್ ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಕಾರ್ಟಿಸಾಲ್ ಕೂಡ ಕಡಿಮೆಯಿದ್ದರೆ ಮೊದಲು ಹೈಡ್ರೊಕಾರ್ಟಿಸೋನ್ ಆರಂಭಿಸಿ ನಂತರವೇ ಥೈರಾಕ್ಸಿನ್ ಕೊಡಬೇಕು. ಈ ಕ್ರಮ ತಪ್ಪಿದರೆ ಇರುವ ಅಲ್ಪ ಕಾರ್ಟಿಸಾಲೂ ಬೇಗ ಖರ್ಚಾಗಿ ರೋಗಿ ಕುಸಿಯಬಹುದು.
3. ವಾಸೊಪ್ರೆಸಿನ್ ಕೊರತೆಗೆ ಡೆಸ್ಮೊಪ್ರೆಸಿನ್, ಮೂಗಿನ ಸ್ಪ್ರೇ ಅಥವಾ ಮಾತ್ರೆ. ಇದನ್ನು ಬಳಸುವವರು ಬಾಯಾರಿಕೆಗೆ ತಕ್ಕಷ್ಟೇ ನೀರು ಕುಡಿಯಬೇಕು. ‘ನೀರು ಎಷ್ಟು ಕುಡಿದರೂ ಒಳ್ಳೆಯದು’ ಎಂಬ ಮಾತು ಇವರಿಗೆ ಅನ್ವಯಿಸುವುದಿಲ್ಲ.
4. ಲೈಂಗಿಕ ಹಾರ್ಮೋನು ಮತ್ತು ಬೆಳವಣಿಗೆಯ ಹಾರ್ಮೋನನ್ನು ವಯಸ್ಸು, ಮೂಲ ಕಾಯಿಲೆ ನೋಡಿ ತಜ್ಞರು ನಿರ್ಧರಿಸುತ್ತಾರೆ.

ಕ್ಷಯರೋಗಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುವವರ ದೇಹದಲ್ಲಿ ಹೈಡ್ರೊಕಾರ್ಟಿಸೋನ್ ಬೇಗ ಕರಗಿಹೋಗುತ್ತದೆ. ಪ್ರಮಾಣ ಹೆಚ್ಚಿಸಬೇಕಾಗಬಹುದು, ಆದ್ದರಿಂದ ವೈದ್ಯರಿಗೆ ತಪ್ಪದೆ ತಿಳಿಸಿ.

ಸ್ಟೀರಾಯ್ಡ್ ನಿಲ್ಲಿಸುವ ಕ್ರಮ

ಸ್ಟೀರಾಯ್ಡಿನಿಂದ ಮಲಗಿದ ಗ್ರಂಥಿ ಸಾಮಾನ್ಯವಾಗಿ ಮತ್ತೆ ಏಳುತ್ತದೆ. ಆದರೆ ಅದಕ್ಕೆ ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದ್ದರಿಂದ ವೈದ್ಯರು ಪ್ರಮಾಣವನ್ನು ಮೆಟ್ಟಿಲು ಇಳಿದಂತೆ ಇಳಿಸುತ್ತಾರೆ. ಪ್ರೆಡ್ನಿಸೋಲೋನ್ ದಿನಕ್ಕೆ 4–6 ಮಿ.ಗ್ರಾಂಗೆ ಬಂದ ಮೇಲೆ ಇನ್ನೂ ನಿಧಾನವಾಗಿ ಇಳಿಸುತ್ತಾರೆ ಅಥವಾ ಬೆಳಗಿನ ಕಾರ್ಟಿಸಾಲ್ ನೋಡುತ್ತಾರೆ. ಅದು 10 ಮೈಕ್ರೋಗ್ರಾಂಗಿಂತ (ಒಂದು ಡೆಸಿಲೀಟರಿಗೆ) ಹೆಚ್ಚಿದ್ದರೆ ಗ್ರಂಥಿ ಎದ್ದಿದೆ, ಮಾತ್ರೆ ನಿಲ್ಲಿಸಬಹುದು. 5ರಿಂದ 10ರ ನಡುವೆ ಇದ್ದರೆ ಮುಂದುವರಿಸಿ ಕೆಲವು ವಾರ ಅಥವಾ ತಿಂಗಳ ನಂತರ ಮತ್ತೆ ಪರೀಕ್ಷೆ. 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಮಲಗಿದೆ ಎಂದರ್ಥ, ಮಾತ್ರೆ ಬೇಕೇಬೇಕು.

ಇಳಿಸುವ ಕಾಲದಲ್ಲಿ ಮೈಕೈ ನೋವು, ಬೇಸರ, ಸುಸ್ತು ಬರಬಹುದು. ಆಗ ಹೆದರಿ ಮತ್ತೆ ಹಳೆಯ ಪ್ರಮಾಣವನ್ನು ನೀವೇ ನುಂಗಬೇಡಿ, ಬೇಸರಪಟ್ಟು ಪೂರ್ತಿ ಬಿಡಲೂಬೇಡಿ. ಬಂದು ತೋರಿಸಿ.

ಜ್ವರ, ವಾಂತಿ, ಅಪಘಾತವಾದಾಗ ಏನು ಮಾಡಬೇಕು?

ಈ ಭಾಗವನ್ನು ಮನೆಯವರು ವಿಶೇಷವಾಗಿ ಓದಬೇಕು.

1. ಹೈಡ್ರೊಕಾರ್ಟಿಸೋನ್ ತೆಗೆದುಕೊಳ್ಳುವ ದೊಡ್ಡವರಿಗೆ ಜ್ವರ 100.4 ಡಿಗ್ರಿ ದಾಟಿದರೆ ಅಂದಿನ ಮಾತ್ರೆಯನ್ನು ಎರಡು ಪಟ್ಟು, 102 ಡಿಗ್ರಿ ದಾಟಿದರೆ ಮೂರು ಪಟ್ಟು ಮಾಡುವುದು ವಾಡಿಕೆ. ಎರಡು ಮೂರು ದಿನ ಹೀಗೆ ಕೊಟ್ಟು, ಜ್ವರ ಬಿಟ್ಟ ಮೇಲೆ ಮೊದಲಿನ ಪ್ರಮಾಣಕ್ಕೆ ಬರಬೇಕು. ನಿಮಗೆ ಎಷ್ಟು ಎಂಬುದನ್ನು ಇವತ್ತೇ ವೈದ್ಯರಿಂದ ಬರೆಸಿಕೊಳ್ಳಿ.
2. ದಿನಕ್ಕೆ 10 ಮಿ.ಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋಲೋನ್ ತೆಗೆದುಕೊಳ್ಳುತ್ತಿರುವವರಿಗೆ ಸಣ್ಣಪುಟ್ಟ ಜ್ವರಕ್ಕೆ ಹೆಚ್ಚಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಆದರೆ ಒಂದು ದಿನವೂ ತಪ್ಪಿಸಬಾರದು.
3. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಕೊಡಿ. ಅದೂ ನಿಲ್ಲದಿದ್ದರೆ, ಅಥವಾ ಭೇದಿ ತೀವ್ರವಾಗಿದ್ದರೆ, ಮಾತ್ರೆಯಿಂದ ಪ್ರಯೋಜನವಿಲ್ಲ. ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಚುಚ್ಚುಮದ್ದು ತಕ್ಷಣ ಬೇಕು. ಇದು ದೊಡ್ಡವರ ಪ್ರಮಾಣ. ಮಕ್ಕಳಿಗೆ ಎಷ್ಟೆಂದು ಮೊದಲೇ ಬರೆಸಿಕೊಂಡಿರಿ.
4. ರೋಗಿ ತಣ್ಣಗೆ ಬೆವರಿ, ಮಂಪರಾಗಿ, ನಿಲ್ಲಲಾರದೆ ಕುಸಿದರೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ನಮ್ಮ ಆಸ್ಪತ್ರೆಗೇ ಬರಬೇಕೆಂದು ದೂರ ಪ್ರಯಾಣ ಮಾಡಬೇಡಿ. ಅಲ್ಲಿ ಮೊದಲು ಹೇಳಬೇಕಾದ ಮಾತು: ‘ಇವರು ಸ್ಟೀರಾಯ್ಡ್ ಮೇಲಿದ್ದಾರೆ, ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬೇಕು.’ ಜೊತೆಗೆ ರಕ್ತನಾಳದ ಮೂಲಕ ಸಲೈನ್ ಹಾಕಬೇಕಾಗುತ್ತದೆ. ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಈ ಚಿಕಿತ್ಸೆಯನ್ನು ತಡಮಾಡಬಾರದು.
5. ಯಾವುದೇ ಶಸ್ತ್ರಚಿಕಿತ್ಸೆ, ಹಲ್ಲು ಕೀಳಿಸುವುದು, ಹೆರಿಗೆ ಇವುಗಳ ಮುಂಚೆ ವೈದ್ಯರಿಗೂ ಅರಿವಳಿಕೆ ಕೊಡುವವರಿಗೂ ಈ ವಿಷಯ ತಿಳಿಸಿ. ಸ್ಟೀರಾಯ್ಡ್ ನಿಲ್ಲಿಸಿ ಒಂದು ವರ್ಷವಾಗಿಲ್ಲದಿದ್ದರೂ ತಿಳಿಸಿ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಸ್ಟೀರಾಯ್ಡ್ ಕೆಟ್ಟದ್ದು ಎನ್ನುತ್ತಾರೆ. ಬಿಟ್ಟುಬಿಡಲೇ?
ಉತ್ತರ: ಹೆಚ್ಚಿನ ಪ್ರಮಾಣದಲ್ಲಿ, ಬಹುಕಾಲ, ವೈದ್ಯರ ಸಲಹೆಯಿಲ್ಲದೆ ತೆಗೆದುಕೊಂಡರೆ ಕೆಟ್ಟದ್ದು. ಆದರೆ ಗ್ರಂಥಿ ಸೊರಗಿದವರಿಗೆ ಕೊಡುವ ಸಣ್ಣ ಪ್ರಮಾಣ ದೇಹ ತಾನೇ ತಯಾರಿಸಬೇಕಾಗಿದ್ದ ಹಾರ್ಮೋನಿಗೆ ಬದಲಿ. ಇದನ್ನು ಬಿಡುವುದೇ ಅಪಾಯ.

ಪ್ರಶ್ನೆ: ಉಪವಾಸದ ದಿನ ಮಾತ್ರೆ ತೆಗೆದುಕೊಳ್ಳಬಹುದೇ?
ಉತ್ತರ: ತೆಗೆದುಕೊಳ್ಳಲೇಬೇಕು. ಸೋಮವಾರವಿರಲಿ, ಶಿವರಾತ್ರಿಯಿರಲಿ, ಮಾತ್ರೆ ಮತ್ತು ನೀರನ್ನು ಬಿಡಬೇಡಿ. ಪೂರ್ತಿ ನಿರಾಹಾರ ಇಂತಹ ರೋಗಿಗಳಿಗೆ ಹಿತವಲ್ಲ. ಹಣ್ಣು, ಹಾಲು ತೆಗೆದುಕೊಳ್ಳಿ.

ಪ್ರಶ್ನೆ: ಹತ್ತು ದಿನ ಮಾತ್ರ ಸ್ಟೀರಾಯ್ಡ್ ಕೊಟ್ಟಿದ್ದರು. ನನಗೂ ಹೀಗಾಗುತ್ತದೆಯೇ?
ಉತ್ತರ: ಮೂರು ವಾರಕ್ಕಿಂತ ಕಡಿಮೆ ತೆಗೆದುಕೊಂಡವರಿಗೆ ಸಾಮಾನ್ಯವಾಗಿ ಈ ತೊಂದರೆಯಿಲ್ಲ. ಆದರೆ ವರ್ಷದಲ್ಲಿ ಹಲವು ಬಾರಿ ಹೀಗೆ ತೆಗೆದುಕೊಂಡಿದ್ದರೆ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಪಿಟ್ಯುಟರಿ ತೊಂದರೆ ಬಂದರೆ ಇಮ್ಯುನೋಥೆರಪಿ ನಿಲ್ಲಿಸಬೇಕೇ?
ಉತ್ತರ: ಹಾರ್ಮೋನು ಬದಲಿ ಕೊಟ್ಟು ರೋಗಿ ಸುಧಾರಿಸಿದ ಮೇಲೆ ಅನೇಕರಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಂದುವರಿಸಲು ಸಾಧ್ಯ. ಕ್ಯಾನ್ಸರ್ ತಜ್ಞರು ನಿರ್ಧರಿಸುತ್ತಾರೆ.

ಪ್ರಶ್ನೆ: ಜೀವನವಿಡೀ ಮಾತ್ರೆ ಬೇಕೇ?
ಉತ್ತರ: ಸ್ಟೀರಾಯ್ಡಿನಿಂದ ಬಂದದ್ದಾದರೆ ಅನೇಕರಿಗೆ ಬೇಡ. ವಿಕಿರಣ, ಶಸ್ತ್ರಚಿಕಿತ್ಸೆ, ಇಮ್ಯುನೋಥೆರಪಿಯಿಂದ ಬಂದದ್ದು ಹೆಚ್ಚಾಗಿ ಶಾಶ್ವತ. ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರು ಹೊಲಗದ್ದೆ, ನೌಕರಿ, ಸಂಸಾರ ಎಲ್ಲವನ್ನೂ ನಡೆಸಿಕೊಂಡು ಹೋಗಬಹುದು.

ಜೇಬಿನಲ್ಲಿ ಇರಬೇಕಾದ ಚೀಟಿ

ಒಂದು ದಪ್ಪ ಕಾಗದದ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಈ ವಿವರಗಳನ್ನು ಬರೆಸಿ, ಸದಾ ಜೇಬಿನಲ್ಲಿ ಅಥವಾ ಪರ್ಸಿನಲ್ಲಿ ಇಟ್ಟುಕೊಳ್ಳಿ:

– ಹೆಸರು, ವಯಸ್ಸು, ಊರು, ಮನೆಯವರ ಫೋನ್ ನಂಬರು
– ಕಾಯಿಲೆ ಮತ್ತು ಪಡೆದ ಚಿಕಿತ್ಸೆ, ವರ್ಷ ಸಹಿತ
– ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಮತ್ತು ಪ್ರಮಾಣ
– ‘ನನಗೆ ಕಾರ್ಟಿಸಾಲ್ ಕೊರತೆಯಿದೆ. ಪ್ರಜ್ಞೆ ತಪ್ಪಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ತಕ್ಷಣ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಚುಚ್ಚುಮದ್ದು ಕೊಡಿ’ ಎಂಬ ಮಾತು (ಮಕ್ಕಳ ಚೀಟಿಯಲ್ಲಿ ಅವರ ಪ್ರಮಾಣ)
– ವೈದ್ಯರ ಹೆಸರು ಮತ್ತು ಸಹಿ

ಊರಿಗೆ ಹೋಗುವಾಗ, ಜಾತ್ರೆಗೆ, ಮದುವೆಗೆ ಹೊರಟಾಗ ಬೇಕಾದುದಕ್ಕಿಂತ ಒಂದು ವಾರದಷ್ಟು ಹೆಚ್ಚು ಮಾತ್ರೆ ಜೊತೆಯಲ್ಲಿರಲಿ. ಮಾತ್ರೆ ಮುಗಿಯುವ ಮೊದಲೇ ಬಂದು ಬರೆಸಿಕೊಳ್ಳಿ. ಹಣದ ತೊಂದರೆಯಿಂದ ಮಾತ್ರೆ ನಿಲ್ಲಿಸುವ ಪರಿಸ್ಥಿತಿ ಬಂದರೆ, ನಿಲ್ಲಿಸುವ ಮೊದಲು ಬಂದು ಹೇಳಿ. ಈ ಚೀಟಿಯನ್ನು ಇಂದೇ ಹೊರರೋಗಿ ವಿಭಾಗದಲ್ಲಿ ವೈದ್ಯರಿಂದ ಬರೆಸಿ, ಸಹಿ ಮಾಡಿಸಿಕೊಂಡು ಮನೆಗೆ ಹೋಗಿ.